ಮುಟ್ಟಿ ನೋಡುವ ಮ್ಯೂಸಿಯಂ

ಮೊದಲು ನಿಮಗೊಂದು ಸಣ್ಣ ಪ್ರಶ್ನೆ. ಒಂದು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಇಳಿಜಾರು ದಾರಿಗಳಿವೆ ಎಂದು ಭಾವಿಸಿ. ಎರಡೂ ಒಂದೇ ಎತ್ತರದಲ್ಲಿ ಆರಂಭವಾಗಿ ಒಂದೇ ಮಟ್ಟದಲ್ಲಿ, ಒಂದೇ ಗೆರೆಯ ಬಳಿ ಕೊನೆಗೊಳ್ಳುತ್ತವೆ. ಮೊದಲನೆಯದು ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ನೇರವಾಗಿದೆ. ಎರಡನೆಯದು ಆರಂಭದಲ್ಲೇ ಕಡಿದಾಗಿ ಕೆಳಗಿಳಿದು, ಅಲ್ಲಿಂದ ಮುಂದೆ ಸಮತಟ್ಟಾಗಿ ಸಾಗುತ್ತದೆ. ಎರಡರ ತುದಿಯಲ್ಲೂ ಒಂದೊಂದು ಗೋಲಿ ಇಟ್ಟು ಒಂದೇ ಕ್ಷಣದಲ್ಲಿ ಬಿಟ್ಟರೆ ಯಾವುದು ಮೊದಲು ಗುರಿ ಮುಟ್ಟುತ್ತದೆ? ಮುಂದೆ ಓದುವ ಮೊದಲು ಮನಸ್ಸಿನಲ್ಲೇ ಒಂದು ಉತ್ತರ ಹೇಳಿಕೊಳ್ಳಿ.

ನೇರ ದಾರಿಯೇ ಹತ್ತಿರದ ದಾರಿ, ಆದ್ದರಿಂದ ಅದರ ಮೇಲಿನ ಗೋಲಿಯೇ ಗೆಲ್ಲುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಇಳಿಯುವ ಎತ್ತರ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ತಲುಪುತ್ತವೆ ಎಂದು ಇನ್ನು ಕೆಲವರು ವಾದಿಸಬಹುದು. ಗೋಲಿಗಳು ಇವೆರಡನ್ನೂ ಒಪ್ಪುವುದಿಲ್ಲ. ದೂರದ ದಾರಿ ಹಿಡಿದ ಗೋಲಿಯೇ ಗೆಲ್ಲುತ್ತದೆ.

ಲೆಕ್ಕ ಹಾಕಿ ನೋಡೋಣ. ದಾರಿಯ ಅಡ್ಡಳತೆ 180 ಸೆಂಟಿಮೀಟರ್, ಎತ್ತರ 60 ಸೆಂಟಿಮೀಟರ್ ಇರಲಿ. ನೇರ ದಾರಿಯ ಉದ್ದ ಸುಮಾರು 190 ಸೆಂಟಿಮೀಟರ್. ಎರಡನೆಯ ದಾರಿ ಮೊದಲ 30 ಸೆಂಟಿಮೀಟರಿನೊಳಗೇ ಪೂರ್ತಿ ಕೆಳಗಿಳಿದರೆ ಅದರ ಒಟ್ಟು ಉದ್ದ ಸುಮಾರು 217 ಸೆಂಟಿಮೀಟರ್. ಘರ್ಷಣೆಯಿಂದಾಗುವ ನಷ್ಟವನ್ನು ಬದಿಗಿಟ್ಟರೆ ನೇರ ದಾರಿಯ ಗೋಲಿಗೆ 1.3 ಸೆಕೆಂಡ್ ಬೇಕು. ಎರಡನೆಯದಕ್ಕೆ ಸುಮಾರು 1 ಸೆಕೆಂಡ್ ಸಾಕು. ಕೊನೆಯಲ್ಲಿ ಎರಡರ ವೇಗವೂ ಒಂದೇ. ಆದರೆ ಎರಡನೆಯ ಗೋಲಿ ಆ ವೇಗವನ್ನು ಆರಂಭದಲ್ಲೇ ಗಳಿಸಿಕೊಂಡು ಉಳಿದ ದಾರಿಯನ್ನೆಲ್ಲ ಅದೇ ವೇಗದಲ್ಲಿ ಕ್ರಮಿಸುತ್ತದೆ. ಮೊದಲನೆಯದು ದಾರಿಯುದ್ದಕ್ಕೂ ನಿಧಾನವಾಗಿ ಗಳಿಸುತ್ತಾ ಹೋಗುತ್ತದೆ.

ಉತ್ತರವನ್ನು ನಾನು ಇಲ್ಲಿ ಬರೆದೆ, ನೀವು ಓದಿದಿರಿ. ಪುಸ್ತಕ ಮಾಡಬಹುದಾದ್ದು ಇಷ್ಟೇ. ಆದರೆ ನಿಮ್ಮ ಕೈಯಿಂದಲೇ ಗೋಲಿ ಬಿಟ್ಟು, ನೀವು ನಂಬಿದ್ದ ಗೋಲಿ ಸೋತದ್ದನ್ನು ಕಣ್ಣಾರೆ ಕಂಡು, 'ಇನ್ನೊಂದು ಸಲ!' ಎಂದು ಮತ್ತೆ ಬಿಟ್ಟಿದ್ದರೆ ಉತ್ತರ ನಿಮ್ಮದೇ ಆಗುತ್ತಿತ್ತು. ಮುಟ್ಟಿ ನೋಡುವ ವಿಜ್ಞಾನ ಮ್ಯೂಸಿಯಂಗಳು ಹುಟ್ಟಿಕೊಂಡದ್ದು ಈ ವ್ಯತ್ಯಾಸಕ್ಕಾಗಿಯೇ. ಅಲ್ಲಿಡುವ ಪ್ರದರ್ಶನ ವಸ್ತುವನ್ನು ನಾವಿಲ್ಲಿ ಸರಳವಾಗಿ 'ಮಾದರಿ' ಎಂದು ಕರೆಯೋಣ. ಒಳ್ಳೆಯ ಮಾದರಿಯನ್ನು ರೂಪಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗಾಜಿನ ಪೆಟ್ಟಿಗೆಯಿಂದ ಹಿಡಿಕೆಯವರೆಗೆ

ಹಳೆಯ, ಅಪರೂಪದ ವಸ್ತುಗಳನ್ನು ಗಾಜಿನ ಹಿಂದೆ ಕಾಪಾಡುವ ಸ್ಥಳವೇ ಮ್ಯೂಸಿಯಂ ಎಂಬ ಕಲ್ಪನೆ ಬಹುಕಾಲ ಇತ್ತು. ಅರಸನ ಕತ್ತಿಯನ್ನೋ ತಾಮ್ರಶಾಸನವನ್ನೋ ಹಾಗೆ ಕಾಪಾಡುವುದು ಸರಿ. ಆದರೆ ವಿಜ್ಞಾನದ ನಿಯಮವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ? ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ 1903ರಲ್ಲಿ ಸ್ಥಾಪಿಸಿದ ಡಾಯ್ಚಸ್ ಮ್ಯೂಸಿಯಂ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. ಅಲ್ಲಿ ನೋಡುಗರು ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಯಂತ್ರಗಳ ಚಾಲನೆಯನ್ನು ನೋಡಬಹುದಾಗಿತ್ತು.

ಇನ್ನೊಂದು ದೊಡ್ಡ ಹೆಜ್ಜೆ ಇಟ್ಟವರು ಅಮೆರಿಕದ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್. ಅಣುಬಾಂಬ್ ರೂಪಿಸಿದ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ ಇವರು. ರಾಜಕೀಯ ಕಾರಣಗಳಿಂದ 1949ರಲ್ಲಿ ವಿಶ್ವವಿದ್ಯಾಲಯದ ಹುದ್ದೆ ಬಿಡಬೇಕಾಯಿತು. ಆಮೇಲೆ ಕೊಲೊರಾಡೊದಲ್ಲಿ ದನ ಸಾಕಿಕೊಂಡಿದ್ದರು. ಅಲ್ಲಿನ ಒಂದು ಚಿಕ್ಕ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದರು. 1969ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 'ಎಕ್ಸ್‌ಪ್ಲೊರೇಟೋರಿಯಂ' ಎಂಬ ಮ್ಯೂಸಿಯಂ ತೆರೆದರು. ಅಲ್ಲಿ ಮಾದರಿಗಳನ್ನು ತಯಾರಿಸುವ ಕಾರ್ಯಾಗಾರವನ್ನೂ ನೋಡುಗರಿಗೆ ಕಾಣುವಂತೆಯೇ ಇಟ್ಟರು. ತಮ್ಮ ಮಾದರಿಗಳ ತಯಾರಿಕೆಯ ವಿವರವನ್ನು ಅಡುಗೆ ಪುಸ್ತಕದ ರೀತಿಯಲ್ಲಿ ಅಚ್ಚು ಹಾಕಿಸಿ, ಬೇಕಾದವರು ನೋಡಿ ಮಾಡಿಕೊಳ್ಳಲೆಂದು ಹಂಚಿದರು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ 1959ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಕಟ್ಟಡವನ್ನು 1962ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ವಿದ್ಯುತ್ತಿಗೆ ಸಂಬಂಧಿಸಿದ ಅದರ ಮೊದಲ ವಿಭಾಗ 1965ರಲ್ಲಿ ತೆರೆಯಿತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ ರೂಪುಗೊಂಡ ಮೇಲೆ ಇಂಥ ಕೇಂದ್ರಗಳು ದೇಶದ ನಾನಾ ಕಡೆ ಬಂದವು. ಕರ್ನಾಟಕದಲ್ಲಿ ಕಲಬುರಗಿ, ಧಾರವಾಡ ಹಾಗೂ ಮಂಗಳೂರಿನ ಪಿಲಿಕುಳದಲ್ಲೂ ವಿಜ್ಞಾನ ಕೇಂದ್ರಗಳಿವೆ. ಮ್ಯೂಸಿಯಂಗೆ ಬರಲಾಗದ ಹಳ್ಳಿಯ ಮಕ್ಕಳ ಬಳಿಗೆ ಮಾದರಿಗಳನ್ನು ಬಸ್ಸಿನಲ್ಲಿ ಒಯ್ಯುವ ಸಂಚಾರಿ ಪ್ರದರ್ಶನಗಳೂ ಇವೆ.

ಗುಂಡಿ ಒತ್ತಿದರೆ ಸಾಕೆ?

ಗುಂಡಿ ಇದ್ದ ಮಾತ್ರಕ್ಕೆ ಮಾದರಿ ಒಳ್ಳೆಯದಾಗುವುದಿಲ್ಲ. ಗುಂಡಿ ಒತ್ತಿದಿರಿ, ಒಳಗೊಂದು ದೀಪ ಹತ್ತಿತು, ಚಕ್ರವೊಂದು ತಿರುಗಿ ನಿಂತಿತು. ಮುಂದೇನು? ಎರಡನೆಯ ಸಲ ಒತ್ತಿದರೂ ಅದೇ ದೀಪ, ಅದೇ ಚಕ್ರ. ಇಲ್ಲಿ ಕೆಲಸ ಮಾಡಿದ್ದು ಬೆರಳು ಮಾತ್ರ. ಬುದ್ಧಿಗೆ ಯಾವ ಕೆಲಸವೂ ಸಿಗಲಿಲ್ಲ. ಇದಕ್ಕೂ ಪರದೆಯ ಮೇಲೆ ನೋಡುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇದರ ಬದಲು, ಗಾಳಿಯ ಮೇಲೆ ತೇಲುವ ಚೆಂಡನ್ನು ನೋಡಿ. ಕೆಳಗಿನ ಕೊಳವೆಯಿಂದ ರಭಸವಾಗಿ ಗಾಳಿ ಮೇಲಕ್ಕೆ ಬರುತ್ತಿರುತ್ತದೆ. ಹಗುರವಾದ ಪ್ಲಾಸ್ಟಿಕ್ ಚೆಂಡೊಂದನ್ನು ಅದರ ಮೇಲೆ ಬಿಟ್ಟರೆ ಅದು ನಡುಗಾಳಿಯಲ್ಲಿ ನಿಲ್ಲುತ್ತದೆ. ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರೆ ಗಾಳಿಯೇ ಅದನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವುದು ಬೆರಳಿಗೆ ತಿಳಿಯುತ್ತದೆ. ಕೊಳವೆಯನ್ನು ಓರೆ ಮಾಡಿದರೆ? ಎರಡು ಚೆಂಡು ಬಿಟ್ಟರೆ? ಚೆಂಡಿನ ಕೆಳಗೆ ಅಂಗೈ ಒಡ್ಡಿದರೆ? ಒಂದು ಕೆಲಸ ಮಾಡುತ್ತಿದ್ದಂತೆ ಮತ್ತೊಂದು ಪ್ರಶ್ನೆ ತಾನಾಗಿ ಏಳುತ್ತದೆ. ಯಾರೂ ಕೇಳಿಸದ ಪ್ರಶ್ನೆಯನ್ನು ಮಗು ತಾನೇ ಕೇಳಿಕೊಂಡು, ತಾನೇ ಉತ್ತರ ಹುಡುಕುತ್ತದೆ. ಪ್ರಯೋಗಾಲಯದಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೆ?

ಆದ್ದರಿಂದ ಮಾದರಿಯನ್ನು ರೂಪಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಇದರಿಂದ ಏನು ಕಲಿಸಬೇಕು?' ಎಂಬುದಲ್ಲ. 'ಇದರ ಮುಂದೆ ನಿಂತ ಮಗು ಎರಡನೆಯ ಸಲ ಏನು ಮಾಡಿ ನೋಡುತ್ತದೆ?' ಎಂಬುದು. ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಾದರಿ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ರಟ್ಟಿನಿಂದ ಆರಂಭ

ನಮ್ಮ ಗೋಲಿಗಳ ಓಟವನ್ನೇ ಒಂದು ಮಾದರಿಯಾಗಿ ರೂಪಿಸೋಣ. ಉಕ್ಕು, ಗಾಜು, ಮರ ಎಂದು ಒಮ್ಮೆಲೇ ಹಣ ಸುರಿಯುವುದು ಜಾಣತನವಲ್ಲ. ರಟ್ಟು, ದಾರ, ಅಂಟುಪಟ್ಟಿ ಬಳಸಿ ಒಂದು ಕಚ್ಚಾ ಮಾದರಿ ಮಾಡಿ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ, ಏನೂ ಹೇಳದೆ ದೂರ ನಿಂತು ನೋಡಬೇಕು. ಆಗ ಮಾದರಿಯ ದೋಷಗಳು ಒಂದೊಂದಾಗಿ ಹೊರಬೀಳುತ್ತವೆ.

ಮೊದಲ ತೊಡಕು ಗೋಲಿ ಬಿಡುವುದರಲ್ಲೇ ಇದೆ. ಎರಡು ಕೈಗಳಿಂದ ಎರಡು ಗೋಲಿಗಳನ್ನು ಒಂದೇ ಕ್ಷಣದಲ್ಲಿ ಬಿಡುವುದು ಕಷ್ಟ. ಅಂತರ ಇರುವುದೇ ಮೂರನೆಯ ಒಂದು ಸೆಕೆಂಡಿನಷ್ಟು. ಬಿಡುವಾಗಲೇ ಅಷ್ಟು ಹಿಂದುಮುಂದಾದರೆ ಫಲಿತಾಂಶವೇ ತಲೆಕೆಳಗಾಗುತ್ತದೆ. ಮಗು ತಪ್ಪು ವಿಷಯವನ್ನು ಕಲಿತು ಮನೆಗೆ ಹೋಗುತ್ತದೆ. ಹೀಗಾಗಿ ಎರಡು ಗೋಲಿಗಳನ್ನೂ ತಡೆದು, ಒಟ್ಟಿಗೇ ಬಿಡುವ ಒಂದೇ ಅಡ್ಡಪಟ್ಟಿ ಬೇಕು.

ಎರಡನೆಯದು ಗುರಿಯ ವಿಷಯ. ಯಾವುದು ಮೊದಲು ಬಂತೆಂದು ಕಣ್ಣಿಗೆ ಸರಿಯಾಗಿ ತಿಳಿಯದೆ ಮಕ್ಕಳು ಜಗಳಕ್ಕೆ ಬೀಳಬಹುದು. ಎರಡು ದಾರಿಗಳ ಕೊನೆಯಲ್ಲೂ ಬೇರೆಬೇರೆ ಸ್ವರದ ಒಂದೊಂದು ಗಂಟೆ ಕಟ್ಟಿದರೆ ಕಿವಿ ಸುಲಭವಾಗಿ ತೀರ್ಪು ಕೊಡುತ್ತದೆ. ಕಣ್ಣು ಕಾಣದ ಮಗುವಿಗೂ ಆಗ ಆಟದಲ್ಲಿ ಪಾಲು ಸಿಗುತ್ತದೆ.

ಮೂರನೆಯದು ಗೋಲಿಯದೇ. ಅದು ಉರುಳಿ ನೆಲಕ್ಕೆ ಬಿದ್ದರೆ ಹುಡುಕುವುದೇ ಕೆಲಸವಾಗುತ್ತದೆ. ಜೇಬು ಸೇರಿದರಂತೂ ಆ ದಿನದ ಆಟವೇ ಮುಗಿಯಿತು. ತೀರ ಚಿಕ್ಕ ಮಕ್ಕಳು ಗೋಲಿಯನ್ನು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಬಾಯಿಯಲ್ಲಿ ಹಿಡಿಸದಷ್ಟು ದೊಡ್ಡ ಚೆಂಡು ಮತ್ತು ಕೊನೆಯಲ್ಲಿ ಅದನ್ನು ಹಿಡಿದಿಡುವ ತೊಟ್ಟಿ ಬೇಕಾಗುತ್ತದೆ.

ಇವೆಲ್ಲ ಭೌತವಿಜ್ಞಾನದ ಪುಸ್ತಕದಲ್ಲಿ ಸಿಗುವ ಸಂಗತಿಗಳಲ್ಲ. ಮಕ್ಕಳ ಕೈಗಳೇ ತೋರಿಸಿಕೊಡಬೇಕು. ದಿನಕ್ಕೆ ನೂರಾರು ಕೈಗಳು ಎಳೆದಾಡುವ ಮಾದರಿ ಮುರಿಯದಂತೆ ಗಟ್ಟಿಯಾಗಿರಬೇಕು. ಮುರಿದರೆ ಅರ್ಧ ಗಂಟೆಯೊಳಗೆ ಭಾಗ ಬದಲಾಯಿಸಿ ಸರಿಪಡಿಸುವಂತಿರಬೇಕು. ವರ್ಷಕ್ಕೊಮ್ಮೆ ಪ್ರವಾಸದ ಬಸ್ಸಿನಲ್ಲಿ ದೂರದ ಊರಿನಿಂದ ಬಂದ ಮಗುವಿಗೆ 'ಕೆಟ್ಟಿದೆ' ಎಂಬ ಚೀಟಿ ಕಾಣಿಸಿದರೆ, ಆ ಮಗುವಿನ ಪಾಲಿಗೆ ಆ ಮಾದರಿ ಎಂದೆಂದಿಗೂ ಕೆಟ್ಟದ್ದೇ.

ಹಿಡಿಕೆಗಳು ಹೆಚ್ಚಾದರೆ

ಒಂದು ಹಿಡಿಕೆ ಇದ್ದರೆ ಇಷ್ಟು ಆಟ. ಹತ್ತು ಹಿಡಿಕೆ ಇದ್ದರೆ ಹತ್ತರಷ್ಟು ಆಟವಲ್ಲವೆ? ಹಾಗಾಗುವುದಿಲ್ಲ. ಎಕ್ಸ್‌ಪ್ಲೊರೇಟೋರಿಯಂನ ಸ್ಯೂ ಆಲೆನ್ ಮತ್ತು ಜೋಶುವಾ ಗಟ್‌ವಿಲ್ 2004ರಲ್ಲಿ ತಮ್ಮದೇ ಮ್ಯೂಸಿಯಂನ ಮಾದರಿಗಳನ್ನು ಪರಿಶೀಲಿಸಿ, ಕೈಯಾಡಿಸುವ ಭಾಗಗಳು ಹೆಚ್ಚಾದಾಗ ಆಗುವ ಐದು ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದರು. ಒಂದೇ ತೂಕದ ಹಲವು ಆಯ್ಕೆಗಳಿದ್ದರೆ ನೋಡುಗರಿಗೆ ದಿಕ್ಕು ತೋಚುವುದಿಲ್ಲ. ಒಬ್ಬರು ಮಾಡಿದ್ದನ್ನು ಪಕ್ಕದವರು ಕೆಡಿಸುತ್ತಾರೆ. ಕೆಲವೊಮ್ಮೆ ಒಬ್ಬರೇ ಇದ್ದರೂ ಏನನ್ನೋ ತಿರುಗಿಸಿ ನೋಡಬೇಕಾದ ವಿದ್ಯಮಾನವೇ ಕೆಟ್ಟುಹೋಗುತ್ತದೆ. ಕೈಯಾಡಿಸುವ ಭಾಗಗಳ ನಡುವೆ ಮುಖ್ಯ ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ. ಬದಿಯ ಆಟವೇ ಮುಖ್ಯ ಆಟವನ್ನು ನುಂಗಿಹಾಕುತ್ತದೆ.

ವಿಜಯಪುರದ ಗೋಳಗುಮ್ಮಟಕ್ಕೆ ಶಾಲಾ ಪ್ರವಾಸ ಹೋದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಹದಿನೇಳನೆಯ ಶತಮಾನದ ಆ ಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಯ ಬಳಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಬಾಗಿದ ಗೋಡೆಯನ್ನು ಅನುಸರಿಸುತ್ತಾ ಧ್ವನಿ ಸಾಗುವುದೇ ಇದಕ್ಕೆ ಕಾರಣ. ಅದು ಮ್ಯೂಸಿಯಂಗಾಗಿ ಕಟ್ಟಿದ್ದಲ್ಲ, ಆದರೂ ಅಪೂರ್ವವಾದ ಧ್ವನಿಯ ಮಾದರಿ. ಆದರೆ ಇಡೀ ತರಗತಿ ಒಟ್ಟಿಗೆ ಕೂಗತೊಡಗಿದರೆ ಏನಾಗುತ್ತದೆ? ಪ್ರತಿಧ್ವನಿಗಳ ಗದ್ದಲದಲ್ಲಿ ಪಿಸುಮಾತು ಮುಳುಗಿಹೋಗುತ್ತದೆ. ಒಬ್ಬರ ಆಟ ಮತ್ತೊಬ್ಬರದನ್ನು ಕೆಡಿಸುವುದೆಂದರೆ ಇದೇ.

ಹಿಡಿಕೆ ಯಾರ ಕೈಯಲ್ಲಿ?

ಮ್ಯೂಸಿಯಂಗೆ ಜನ ಒಬ್ಬೊಬ್ಬರೇ ಬರುವುದು ಅಪರೂಪ. ತಂದೆ, ತಾಯಿ, ಅಜ್ಜಿ, ಸೊಂಟದ ಮೇಲಿನ ಕೂಸು ಎಲ್ಲರೂ ಬರುತ್ತಾರೆ. ಆದ್ದರಿಂದ ಮಾದರಿಯ ಸುತ್ತ ನಾಲ್ಕೂ ಕಡೆಯಿಂದ ನಿಲ್ಲಲು ಜಾಗ, ಹಲವು ಕೈಗಳಿಗೆ ಕೆಲಸ, ಗಾಲಿಕುರ್ಚಿಯವರಿಗೂ ಚಿಕ್ಕ ಮಕ್ಕಳಿಗೂ ಎಟುಕುವ ಎತ್ತರ ಬೇಕು. ಅಮೆರಿಕದ ಫಿಲಡೆಲ್ಫಿಯಾ ಪ್ರದೇಶದ ನಾಲ್ಕು ಸಂಸ್ಥೆಗಳು ಸೇರಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಕುಟುಂಬಗಳು ಒಟ್ಟಿಗೆ ಕಲಿಯುವ ಮಾದರಿಗಳಲ್ಲಿ ಇಂಥ ಗುಣಗಳಿರುತ್ತವೆ ಎಂದು ತೋರಿಸಿತು.

ಆದರೆ ಜಾಗ ಕೊಟ್ಟರಷ್ಟೇ ಸಾಲದು. ಕ್ಯಾಲಿಫೋರ್ನಿಯಾದ ಮಕ್ಕಳ ಮ್ಯೂಸಿಯಂ ಒಂದರಲ್ಲಿ ಕೆವಿನ್ ಕ್ರೌಲಿ ಮತ್ತು ಸಂಗಡಿಗರು ಮಾದರಿಗಳ ಮುಂದೆ ತಂದೆತಾಯಿ ಮಕ್ಕಳೊಡನೆ ಆಡುವ ಮಾತುಗಳನ್ನು ಗಮನಿಸಿದರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲಿತಾಂಶ ಯೋಚಿಸುವಂಥದು. ಮಾದರಿಯನ್ನು ಹೇಗೆ ಬಳಸಬೇಕೆಂದು ತಂದೆತಾಯಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೇಳುತ್ತಿದ್ದರು. ಆದರೆ ಅದು ಹಾಗೇಕೆ ಆಗುತ್ತದೆ ಎಂಬ ವಿವರಣೆ ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ಸಿಗುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಹಾಗೆ ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿದ್ದಿರಲಾರದು.

ಆ ಅಧ್ಯಯನ ನಡೆದದ್ದು ಅಲ್ಲಿ. ಆದರೆ ಅಣ್ಣ ಹಿಡಿಕೆ ತಿರುಗಿಸುತ್ತಾನೆ, ತಂಗಿ ಅವನ ಚೀಲ ಹಿಡಿದು ನಿಲ್ಲುತ್ತಾಳೆ ಎಂಬ ದೃಶ್ಯ ನಮಗೇನೂ ಹೊಸದಲ್ಲ. ಮುಟ್ಟಿ ನೋಡುವ ಮ್ಯೂಸಿಯಂನಲ್ಲೂ ಮುಟ್ಟದೆಯೇ ಹಿಂತಿರುಗುವ ಮಕ್ಕಳಿದ್ದಾರೆ. ಅವರಿಗೆ ವಿಜ್ಞಾನ ಇನ್ನೂ ಗಾಜಿನ ಪೆಟ್ಟಿಗೆಯೊಳಗೇ ಇದೆ. ಇದಕ್ಕೆ ಮಾದರಿಯ ರಚನೆಯಲ್ಲೇ ಸ್ವಲ್ಪಮಟ್ಟಿಗೆ ಪರಿಹಾರ ಉಂಟು. ಹಲವು ವಿಜ್ಞಾನ ಉದ್ಯಾನಗಳಲ್ಲಿ ದೂರದೂರದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ದೊಡ್ಡ ಬೋಗುಣಿಗಳನ್ನು ನೀವು ನೋಡಿರಬಹುದು. ಒಂದರ ನಾಭಿಯ ಬಳಿ ಒಬ್ಬರು ಮೆಲ್ಲಗೆ ಮಾತನಾಡಿದರೆ ಇನ್ನೊಂದರ ನಾಭಿಯ ಬಳಿ ಕಿವಿಯಿಟ್ಟವರಿಗೆ ಕೇಳುತ್ತದೆ. ಇದು ಒಬ್ಬರೇ ಆಡಬಹುದಾದ ಆಟವಲ್ಲ. ಒಬ್ಬರು ಹೇಳಲು, ಒಬ್ಬರು ಕೇಳಲು ಬೇಕೇಬೇಕು. ಮರುಕ್ಷಣವೇ ಕೇಳಿದವರು ಹೇಳುವವರಾಗುತ್ತಾರೆ. ಚೀಲ ಹಿಡಿದು ನಿಲ್ಲುವ ಕೆಲಸ ಇಲ್ಲಿ ಯಾರಿಗೂ ಇಲ್ಲ. ನಮ್ಮ ಗೋಲಿಗಳ ಓಟದಲ್ಲೂ ಅಡ್ಡಪಟ್ಟಿ ಎತ್ತುವ ಕೆಲಸವನ್ನು ಒಂದು ಬದಿಯಲ್ಲಿ, ಗೋಲಿ ಇಡುವ ಕೆಲಸವನ್ನು ಇನ್ನೊಂದು ಬದಿಯಲ್ಲಿ ಇಟ್ಟರೆ ಇಬ್ಬರಿಗೂ ಕೆಲಸವಾಯಿತು.

ಫಲಕದ ಮಾತು

ಮಾದರಿಯ ಪಕ್ಕದ ಫಲಕದಲ್ಲಿ ಉತ್ತರವನ್ನೇ ಮೊದಲು ಬರೆದರೆ, ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಹೇಳಿದಂತೆ. ಫಲಕ ಮೊದಲು ಏನು ಮಾಡಬೇಕೆಂದು ಹೇಳಲಿ. ಬಳಿಕ ಏನನ್ನು ಗಮನಿಸಬೇಕೆಂದು ಹೇಳಲಿ. ಏಕೆ ಎಂಬುದು ಕೊನೆಗಿರಲಿ. 'ಯಾವ ಗೋಲಿ ಗೆಲ್ಲುತ್ತದೆ? ಬಿಡುವ ಮೊದಲು ಪಕ್ಕದವರಿಗೆ ಹೇಳಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದರೆ ಆರಂಭಕ್ಕೆ ಸಾಕು. ಬಾಯಿಬಿಟ್ಟು ಹೇಳಿದ ಮೇಲೆ ಫಲಿತಾಂಶ ನೋಡದೆ ಯಾರೂ ಕದಲುವುದಿಲ್ಲ.

ಭಾಷೆಯೂ ಮುಖ್ಯ. ಕನ್ನಡ ಮಾತ್ರ ಬಲ್ಲ ಅಜ್ಜಿ ಮೊಮ್ಮಗಳಿಗೆ ಓದಿ ಹೇಳುವಂತೆ ಫಲಕವಿರಬೇಕು. ಚಿಕ್ಕ ವಾಕ್ಯ, ಬಳಕೆಯ ಮಾತು, ಅಗತ್ಯವಿದ್ದಲ್ಲಿ ಮಾತ್ರ ಪಾರಿಭಾಷಿಕ ಪದ.

ನೀವೇ ಮಾಡಿ ನೋಡಿ

ಇದಕ್ಕೆಲ್ಲ ದೊಡ್ಡ ಮ್ಯೂಸಿಯಂ ಆಗಬೇಕಿಲ್ಲ. ಬಿಸಾಡುವ ವಸ್ತುಗಳಿಂದ ನೂರಾರು ವಿಜ್ಞಾನ ಆಟಿಕೆಗಳನ್ನು ಮಾಡಿ ತೋರಿಸಿದ ಅರವಿಂದ ಗುಪ್ತಾ ಅವರ ಕೆಲಸ ನಿಮಗೆ ತಿಳಿದಿರಬಹುದು. ಗೋಲಿಗಳ ಓಟಕ್ಕೆ ಬೇಕಾದದ್ದು ವಿದ್ಯುತ್ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಪಟ್ಟಿ, ಒಂದು ಹಲಗೆ, ಕೆಲವು ಮೊಳೆ ಮತ್ತು ಎರಡು ಗೋಲಿ. ಕಡಿದಾದ ದಾರಿ ಸಮತಟ್ಟಾಗುವ ಕಡೆ ಮೂಲೆಯಾಗದಂತೆ ನುಣುಪಾಗಿ ಬಾಗಿಸಿ; ಇಲ್ಲವಾದರೆ ಗೋಲಿ ಪುಟಿದು ಹೊರಬೀಳುತ್ತದೆ.

ಕಾಲೇಜಿನವರು ಇನ್ನೂ ಮುಂದೆ ಹೋಗಬಹುದು. ಅತ್ಯಂತ ಬೇಗ ತಲುಪಿಸುವ ದಾರಿ ಯಾವುದೆಂದು ಯೊಹಾನ್ ಬರ್ನೂಲಿ 1696ರಲ್ಲಿ ಯೂರೋಪಿನ ಗಣಿತಜ್ಞರಿಗೆ ಸವಾಲು ಹಾಕಿದ್ದರು. ಉತ್ತರ ಕೊಟ್ಟವರಲ್ಲಿ ನ್ಯೂಟನ್ ಒಬ್ಬರು. ಆ ದಾರಿಯ ಹೆಸರು ಸೈಕ್ಲಾಯ್ಡ್. ಅದನ್ನು ಬರೆಯಲು ನಿಮ್ಮ ಸೈಕಲ್ ಸಾಕು. ಚಕ್ರದ ಅಂಚಿಗೆ ಸೀಮೆಸುಣ್ಣ ಕಟ್ಟಿ, ಅದು ನೆಲಕ್ಕೆ ತಾಗಿರುವಂತೆ ಇಟ್ಟು, ಗೋಡೆಗೆ ಒತ್ತಿಕೊಂಡು ಅರ್ಧ ಸುತ್ತು ಉರುಳಿಸಿದರೆ ಗೋಡೆಯ ಮೇಲೆ ಮೂಡುವ ಗೆರೆ ಅರ್ಧ ಸೈಕ್ಲಾಯ್ಡ್. ಅದನ್ನು ತಲೆಕೆಳಗು ಮಾಡಿ ಅದರಂತೆ ಎರಡು ಪಟ್ಟಿಗಳನ್ನು ಬಾಗಿಸಿ. ಈಗ ಒಂದು ಗೋಲಿಯನ್ನು ತುದಿಯಿಂದ, ಇನ್ನೊಂದನ್ನು ಅರ್ಧ ದಾರಿಯಿಂದ ಒಟ್ಟಿಗೆ ಬಿಡಿ. ಯಾವ ಗಂಟೆ ಮೊದಲು ಬಾರಿಸುತ್ತದೆ? ಈ ಸಲ ಉತ್ತರವನ್ನು ನಾನು ಹೇಳುವುದಿಲ್ಲ.

ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂದು ರೂಢಿ ಇದೆ. ಥರ್ಮೊಕೋಲಿನ ಮಾದರಿಯ ಪಕ್ಕ ಇಬ್ಬರು ವಿದ್ಯಾರ್ಥಿಗಳು ಕೋಲು ಹಿಡಿದು ನಿಂತು, ಬಂದವರಿಗೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಬಂದವರು ತಲೆದೂಗಿ ಮುಂದೆ ಹೋಗುತ್ತಾರೆ. ಮುಂದಿನ ಪ್ರದರ್ಶನದಲ್ಲಿ ಕೋಲನ್ನು ಕೆಳಗಿಡಿ. ನಿಮ್ಮ ಮಾದರಿಯನ್ನು ಮೇಜಿನ ಮೇಲಿಟ್ಟು, 'ಮುಟ್ಟಿ ನೋಡಿ' ಎಂದು ಒಂದು ಚೀಟಿ ಅಂಟಿಸಿ, ಎರಡು ನಿಮಿಷ ಬಾಯಿ ಮುಚ್ಚಿಕೊಂಡು ದೂರ ನಿಲ್ಲಿ. ಕೆಳಗಿನ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬಂದು, ಒಮ್ಮೆ ಮಾಡಿ ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ಬೇರೆ ರೀತಿಯಲ್ಲಿ ಮಾಡಿ ನೋಡಿದಳೆಂದರೆ ನಿಮ್ಮ ಮಾದರಿ ಗೆದ್ದಿತು. ತೀರ್ಪುಗಾರರ ಅಂಕಗಳಿಗಾಗಿ ನೀವು ಕಾಯಬೇಕಾಗಿಲ್ಲ.